ಮಂಡ್ಯದಿಂದ ಮೈಸೂರಿಗೆ ಮ್ಯೂಸಿಯಂ ನೋಡಕ್ಕೆ ಹೋಗೋರು ಅರಮನೆಯಿಂದ ಶುರು ಮಾಡ್ಬೇಡಿ

ಮೈಸೂರು ನಮ್ ಮಂಡ್ಯದೋರಿಗೆ ದೂರದ ಊರೇನಲ್ಲ, ಹೆಚ್ಚುಕಮ್ಮಿ 45 ಕಿಲೋಮೀಟ್ರು, ಆಸ್ಪತ್ರೆಗೂ ಅಲ್ಲಿಗೇ ಓಡ್ತೀವಿ, ಮದ್ವೆ ಸೀರೆಗೂ ಅಲ್ಲಿಗೇ ಓಡ್ತೀವಿ. ಆದ್ರೆ ಮಕ್ಳಿಗೆ ರಜಾ ಬಂತು, ಮೈಸೂರು ತೋರಿಸ್ಕೊಂಡು ಬಾ ಅಂದ್ರೆ ಮಾತ್ರ ಎಲ್ರದ್ದೂ ಒಂದೇ ಪ್ಲಾನು, ಬಸ್ಸಿಂದ ಇಳಿದು ಸೀದಾ ಅರಮನೆ, ಅಲ್ಲಿಂದ ಜೂ, ಮಧ್ಯಾಹ್ನ ಮೂರು ಗಂಟೆಗೆ ಹೊಟ್ಟೆ ಚುರುಗುಟ್ಟಿದಾಗ ಎದುರಿಗೆ ಯಾವ ಬೋರ್ಡು ಕಾಣುತ್ತೋ ಆ ಹೋಟ್ಲು, ಸಾಯಂಕಾಲ ಬೆಟ್ಟ, ರಾತ್ರಿ ಮನೆಗೆ ಬಂದು ಕಾಲಿಗೆ ಎಣ್ಣೆ. ಮಕ್ಳನ್ನ ಕೇಳಿದ್ರೆ ಆನೆ ನೋಡಿದ್ವಿ, ಐಸ್ ಕ್ರೀಮ್ ತಿಂದ್ವಿ, ಅಷ್ಟೇ ನೆನಪು.

ನಾನು ಹೇಳೋದು ಇದಕ್ಕೆ ಉಲ್ಟಾ. ಮೊದ್ಲು ಎಲ್ಲಿ ತಿಂತೀವಿ ಅನ್ನೋದು ಫಿಕ್ಸ್ ಮಾಡ್ಕೊಳ್ಳಿ, ಆಮೇಲೆ ಅದರ ಅಕ್ಕಪಕ್ಕ ಯಾವ ಮ್ಯೂಸಿಯಂ ಇದೆ ಅಂತ ನೋಡಿ, ಮತ್ತೆ ಊರನ್ನ ಒಂದೇ ದಿಕ್ಕಿಗೆ ದಾಟಿ. ಬೆಳಿಗ್ಗೆ ನಜರ್‌ಬಾದ್ ಕಡೆ, ಮಧ್ಯಾಹ್ನ ಗಾಂಧಿ ಚೌಕ ಅರಮನೆ ಕಡೆ, ಸಾಯಂಕಾಲ ರೈಲ್ವೆ ಸ್ಟೇಷನ್ ಕಡೆ. ಹಿಂಗೆ ಮಾಡಿದ್ರೆ ಆಟೋ ಖರ್ಚು ಅರ್ಧಕ್ಕರ್ಧ ಉಳಿಯುತ್ತೆ, ಹಸಿವು ಆದಾಗ ಒಳ್ಳೆ ಹೋಟ್ಲು ಪಕ್ಕದಲ್ಲೇ ಇರುತ್ತೆ, ಕೊನೆಗೆ ರೈಲು ಹತ್ತೋದಕ್ಕೂ ಸುಲಭ. ನಾವು ಮನೆಮಂದಿ ಹಿಂಗೇ ಹೋಗಿ ಬಂದ್ವಿ, ದೊಡ್ಡಪ್ಪ, ಅತ್ತಿಗೆ, ಅಣ್ಣನ ಮಕ್ಳು, ನಾನು. ಅಣ್ಣ ಬರ್ಲಿಲ್ಲ, ಅವನಿಗೆ ಕಬ್ಬು ಕಡಿಯೋ ಟೈಮು.

ಹೋಗೋ ದಿನದ್ದು ಮೊದ್ಲು ಹೇಳ್ಬಿಡ್ತೀನಿ ಯಾಕಂದ್ರೆ ಎಷ್ಟೋ ಜನ ಬಾಗ್ಲು ತನಕ ಹೋಗಿ ಬೀಗ ನೋಡ್ಕೊಂಡು ವಾಪಸ್ ಬರ್ತಾರೆ. ಸೋಮವಾರ ಹೋಗ್ಬೇಡಿ, ಕೇಂದ್ರ ಸರ್ಕಾರದ ಮ್ಯೂಸಿಯಂಗಳಿಗೆ ಅವತ್ತು ರಜಾ. ಮಂಗಳವಾರ ಜೂ ರಜಾ, ಕಾರಂಜಿ ಕೆರೆನೂ ರಜಾ. ಅರಮನೆಗೆ ಅಂಥ ವಾರದ ರಜಾ ಇಲ್ಲ. ಭಾನುವಾರ ಹೆಚ್ಚುಕಮ್ಮಿ ಎಲ್ಲಾ ತೆಗೆದಿರುತ್ತೆ ಆದ್ರೆ ಜನ ಅಂದ್ರೆ ಜನ. ಡಿಸೆಂಬರ್ ಜನವರಿಲಿ ಸ್ಕೂಲ್ ಟ್ರಿಪ್ ಬಸ್ಸುಗಳು ಸಾಲಾಗಿ ನಿಂತಿರ್ತವೆ, ಒಬ್ಬ ಮೇಷ್ಟ್ರ ಹಿಂದೆ ನೂರು ಮಕ್ಳು, ಆ ಗಲಾಟೆಲಿ ನೀವು ಯಾವ ಚಿತ್ರದ ಮುಂದೆನೂ ನಿಂತ್ಕೊಳ್ಳಕ್ಕೆ ಆಗಲ್ಲ. ದಸರಾ ಟೈಮಲ್ಲಿ ಮ್ಯೂಸಿಯಂ ಆಸೆನೇ ಬಿಟ್ಬಿಡಿ, ಅವಾಗ ಲೈಟಿಂಗು, ಆಹಾರ ಮೇಳ ನೋಡ್ಕೊಂಡು ಬನ್ನಿ ಸಾಕು. ಬುಧವಾರದಿಂದ ಶುಕ್ರವಾರದ ಒಳಗೆ ಹೋಗಕ್ಕೆ ಆದ್ರೆ ಅದೇ ಬೆಸ್ಟು.

ರೈಲೋ ಬಸ್ಸೋ ಅನ್ನೋದು ನಮ್ಮನೇಲಿ ದೊಡ್ಡ ಪಂಚಾಯ್ತಿ ಆಯ್ತು. ಹೆಂಗಸ್ರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಲಿ ಸರ್ಕಾರಿ ಬಸ್ಸು ಫ್ರೀ, ಮಂಡ್ಯದಿಂದ ಮೈಸೂರಿಗೂ ಫ್ರೀ, ಮೈಸೂರಲ್ಲಿ ಓಡಾಡೋ ಸಿಟಿ ಬಸ್ಸೂ ಫ್ರೀ, ರಾಜಹಂಸ ಐರಾವತ ಅಂಥವು ಹತ್ಬಾರ್ದು ಅಷ್ಟೆ. ಅತ್ತಿಗೆ ಹೇಳಿದ್ದು, "ನೀವ್ ಗಂಡಸ್ರು ರೈಲಲ್ ಬನ್ನಿ, ನಾನು ಪುಟ್ಟಿ ಬಸ್ಸಲ್ ಬತ್ತೀವಿ, ಸುಮ್ನೆ ದುಡ್ಡ್ ಯಾಕೆ ಕೊಡದು." ದೊಡ್ಡಪ್ಪಂಗೆ ರೇಗ್ತು, "ರೈಲ್ ಮ್ಯೂಸಿಯಮ್ಮು ನೋಡಕ್ಕೆ ಬಸ್ಸಲ್ ಹೋಯ್ತಾರೇನವ್ವಾ ಯಾರಾರ?" ಕೊನೆಗೆ ಹೋಗ್ತಾ ಬಸ್ಸು, ಬರ್ತಾ ರೈಲು ಅಂತ ರಾಜಿ ಆಯ್ತು. ನಿಜ ಹೇಳ್ಬೇಕಂದ್ರೆ ಇದೇ ಸರಿಯಾದ ಲೆಕ್ಕ. ಬಸ್ಸು ನಿಮ್ಮನ್ನ ಸಬರ್ಬನ್ ಸ್ಟ್ಯಾಂಡಿಗೆ ಬಿಡುತ್ತೆ, ಅಲ್ಲಿಂದ ನಜರ್‌ಬಾದ್ ಹತ್ರ, ಕಾಲು ಗಟ್ಟಿ ಇರೋರು ನಡೆದೇ ಹೋಗ್ಬೋದು. ರೈಲು ಊರಿನ ಆ ಕಡೆ, ಸಾಯಂಕಾಲ ಅಲ್ಲಿಗೇ ಮುಗಿಸಿದ್ರೆ ಹತ್ಕೊಂಡು ಪಾಂಡವಪುರ ದಾಟಿ ಮನೆ. ಒಂದು ಮಾತು, ಸ್ಟ್ಯಾಂಡಲ್ಲಿ ಇಳಿದ ತಕ್ಷಣ "ಬನ್ನಿ ಸರ್ ಕಡ್ಮೆಗೆ ಪೂರ್ತಿ ಮೈಸೂರು ತೋರಿಸ್ತೀನಿ" ಅಂತ ಆಟೋದೋರು ಬರ್ತಾರೆ, ಆ ಕಡ್ಮೆ ರೇಟಿನ ಹಿಂದೆ ಸೀರೆ ಅಂಗ್ಡಿ, ಗಂಧದೆಣ್ಣೆ ಅಂಗ್ಡಿ ಕಮಿಷನ್ ಇರುತ್ತೆ, ನಿಮ್ಮ ಮ್ಯೂಸಿಯಂ ಟೈಮೆಲ್ಲಾ ಅಲ್ಲೇ ಹೋಗುತ್ತೆ. ಎಲ್ರೂ ಹಂಗೆ ಅಂತಲ್ಲ. ಆದ್ರೂ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಮೀಟ್ರು ಹಾಕಿಸ್ಕೊಂಡು ಹೋಗೋದೇ ವಾಸಿ.

ತಿಂಡಿ ಮೈಲಾರಿಲಿ. ನಜರ್‌ಬಾದ್ ಮೇನ್ ರೋಡಲ್ಲಿ ಮೈಲಾರಿ ಹೆಸರಿಂದು ಎರಡು ಹೋಟ್ಲು ಹತ್ತತ್ರನೇ ಇವೆ, ಅಸಲಿ ಯಾವುದು ಅನ್ನೋ ಜಗಳ ಮೈಸೂರೋರಿಗೆ ಬಿಟ್ಬಿಡಿ, ಹಸಿದೋರಿಗೆ ಯಾಕದು. ಒಳಗೆ ಜಾಗ ಚಿಕ್ಕದು, ಗುರ್ತು ಪರಿಚಯ ಇಲ್ದೋರ ಪಕ್ಕ ಭುಜಕ್ಕೆ ಭುಜ ತಾಗಿಸ್ಕೊಂಡು ಕೂರ್ಬೇಕು, ಮೆನು ಕಾರ್ಡು ಗೀರ್ಡು ಕೇಳ್ಬೇಡಿ, ದೋಸೆ ಇಡ್ಲಿ ಕಾಫಿ ಅಷ್ಟೆ. ದೋಸೆ ಬಾಳೆ ಎಲೆ ಮೇಲೆ ಬರುತ್ತೆ, ಗರಿಗರಿ ಅಲ್ಲ, ಹತ್ತಿ ಥರ ಮೆತ್ತಗೆ, ಅರ್ಧಕ್ಕೆ ಮಡಚಿರ್ತಾರೆ, ಮೇಲೊಂದು ಬೆಣ್ಣೆ ಉಂಡೆ, ಅದು ಬಿಸಿಗೆ ಕರಗಿ ಮಡಿಕೆ ಒಳಕ್ಕೆ ಇಳಿಯೋವಷ್ಟರಲ್ಲಿ ಕೈ ಹಾಕ್ಬೇಕು, ಫೋಟೋ ತೆಗೀತಾ ಕೂತ್ರೆ ಆರಿಹೋಗುತ್ತೆ. ಪಕ್ಕದಲ್ಲಿ ಕಾಯಿ ಚಟ್ನಿ, ಒಳಗೆ ಸಾಗು. ಬೆಂಗಳೂರು ಸ್ಟೈಲ್ ಕೆಂಪಗೆ ರೋಸ್ಟ್ ಆಗಿರೋ ಮಸಾಲೆ ಇಷ್ಟಪಡೋರಿಗೆ ಇದು "ಇಷ್ಟೇನಾ" ಅನ್ನಿಸ್ಬೋದು, ನನ್ನ ಅಣ್ಣನ ಮಗನಿಗೂ ಹಂಗೇ ಅನ್ನಿಸ್ತು, ಅವನು ಸಾಂಬಾರ್ ಎಲ್ಲಿ ಅಂತ ಹುಡುಕ್ತಿದ್ದ. ದೊಡ್ಡಪ್ಪ ಮಾತ್ರ ಮಾತೇ ಆಡದೆ ಇನ್ನೊಂದು ಹೇಳಿದ್ರು. ಒಬ್ರಿಗೆ ಎರಡು ದೋಸೆ ಬೇಕು, ಒಂದಕ್ಕೆ ಹೊಟ್ಟೆ ತುಂಬಲ್ಲ, ಅದನ್ನ ಲೆಕ್ಕಕ್ಕೆ ತಗೊಂಡೇ ಬಜೆಟ್ ಹಾಕಿ. ಶನಿವಾರ ಭಾನುವಾರ ಒಂಬತ್ತರ ಮೇಲೆ ಹೋದ್ರೆ ಬಾಗ್ಲಲ್ಲೇ ಕಾಯೋದು. ಐದಕ್ಕೆ ನಾಲ್ಕು ಕೊಡ್ತೀನಿ, ಆ ಒಂದು ಕಡ್ಮೆ ಆಗಿದ್ದು ತಿಂತಿರೋವಾಗ ಹಿಂದೆ ಬಂದು ನಿಂತು ಯಾವಾಗ ಏಳ್ತೀರಾ ಅಂತ ನೋಡೋ ಜನಕ್ಕೆ.

ಅಲ್ಲಿಂದ ಸಿದ್ಧಾರ್ಥನಗರದ ಕಡೆ ಕಾರಂಜಿ ಕೆರೆ ದಂಡೇಲಿ ಪ್ರಾಂತೀಯ ಪ್ರಾಕೃತಿಕ ವಿಜ್ಞಾನ ಮ್ಯೂಸಿಯಂ ಇದೆ, 1995ರಲ್ಲಿ ಶುರುವಾಗಿದ್ದು, ಪರಿಸರ ಮಂತ್ರಾಲಯದ್ದು. ಜೂಗೆ ಹೋಗೋ ಸಾವಿರಾರು ಜನದಲ್ಲಿ ಹತ್ತು ಜನನೂ ಈ ಕಡೆ ತಿರುಗಿ ನೋಡಲ್ಲ. ಪಶ್ಚಿಮ ಘಟ್ಟ, ಕಾಡು, ಪ್ರಾಣಿ, ಗಿಡ ಮರದ ಮಾಡಲ್ಲುಗಳು, ಸ್ಕೂಲಿಗೆ ಹೋಗೋ ಮಕ್ಳಿಗೆ ಸರಿಯಾಗಿದೆ. ದೊಡ್ಡೋರಿಗೆ ಅಂದ್ರೆ ಮುಕ್ಕಾಲು ಗಂಟೆ ಸಾಕು. ಕೆಲವು ಕಡೆ ಹಳೇದಾಗಿದೆ, ಸ್ವಲ್ಪ ಕೈ ಆಡಿಸಿದ್ರೆ ಎಷ್ಟು ಚೆನ್ನಾಗಿ ಆಗುತ್ತೆ. ಆದ್ರೆ ಜೂ ಟಿಕೆಟ್ಟು, ಜೂ ಬಿಸ್ಲು, ಜೂ ನಡಿಗೆ, ಮೂರೂ ಉಳಿಸ್ಬೇಕು ಅಂದ್ರೆ ಇದು ಒಳ್ಳೇ ದಾರಿ. ಜೂ ಬಗ್ಗೆ ನನಗೆ ಬೇಜಾರೇನಿಲ್ಲ, 1892ರದ್ದು, ದೇಶದ ಹಳೇ ಜೂಗಳಲ್ಲಿ ಒಂದು, ಚೆನ್ನಾಗೇ ಇಟ್ಟಿದಾರೆ, ಆದ್ರೆ ಅದು ಅರ್ಧ ದಿನ ನುಂಗುತ್ತೆ, ಮ್ಯೂಸಿಯಂ ಮತ್ತೆ ಜೂ ಒಂದೇ ದಿನ ಸೇರಿಸಿದ್ರೆ ಎರಡೂ ಹಾಳು. ಜೂಗೆ ಬೇರೆ ದಿನ ಇಡಿ.

ಈಗ ಅರಮನೆ. ಮೊದಲನೇ ಸಲ ಬರೋರಿಗೆ ಬೇಡ ಅನ್ನಕ್ಕೆ ಬಾಯಿ ಬರಲ್ಲ. ಆದ್ರೆ ಎಲ್ರೂ ಬೆಳಿಗ್ಗೆ ಹತ್ತಕ್ಕೇ ಅಲ್ಲಿ ನುಗ್ತಾರೆ, ನೀವು ಹನ್ನೊಂದೂವರೆ ಮೇಲೆ ಹೋದ್ರೆ ಮೊದಲನೇ ನೂಕುನುಗ್ಗಲು ಸ್ವಲ್ಪ ಇಳಿದಿರುತ್ತೆ. ವರಾಹ ದ್ವಾರದ ಕಡೆಯಿಂದ ಒಳಗೆ ಬಿಡೋದು, ಚಪ್ಪಲಿ ಹೊರಗೆ ಬಿಡ್ಬೇಕು, ಬರಿಗಾಲಲ್ಲಿ ನಡೀಬೇಕು, ಮಂಡಿ ನೋವಿನೋರು ಇದನ್ನ ಯೋಚನೆ ಮಾಡಿ. ಈಗ ಇರೋ ಅರಮನೆ ನಾವು ಅಂದ್ಕೊಂಡಷ್ಟು ಹಳೇದೇನಲ್ಲ, ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿ ಮದುವೆ ಟೈಮಲ್ಲಿ ಬೆಂಕಿ ಬಿದ್ದು ಹೋಯ್ತು, ಆಮೇಲೆ ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್ ಆರ್ಕಿಟೆಕ್ಟ್ ಪ್ಲಾನಲ್ಲಿ ಕಟ್ಟಿ 1912ಕ್ಕೆ ಮುಗಿಸಿದ್ದು, ಆ ಕಾಲಕ್ಕೇ 41 ಲಕ್ಷದ ಮೇಲೆ ಖರ್ಚು. ಜನ ಎಲ್ಲಾ ದರ್ಬಾರ್ ಹಾಲಲ್ಲಿ ಸೆಲ್ಫಿಗೆ ಮುಗಿಬೀಳ್ತಾರೆ. ನೀವು ಕಲ್ಯಾಣ ಮಂಟಪದಲ್ಲಿ ನಿಲ್ಲಿ. ಮೇಲೆ ನವಿಲಿನ ಚಿತ್ರದ ಬಣ್ಣದ ಗಾಜು, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದಿದ್ದು, ಅದನ್ನ ನೋಡಿ ಕತ್ತು ನೋಯಿಸ್ಕೊಂಡ ಮೇಲೆ ಸುತ್ತಲೂ ಗೋಡೆ ಕಡೆ ಕಣ್ಣು ಇಳಿಸಿ. ದಸರಾ ಮೆರವಣಿಗೆನ ಸಾಲಾಗಿ ಬರೆದಿದಾರೆ. ಆನೆ, ಕುದುರೆ, ಬ್ಯಾಂಡಿನೋರು, ರುಮಾಲು ಕಟ್ಕೊಂಡ ಅಧಿಕಾರಿಗಳು, ಬೀದಿ ಎರಡೂ ಕಡೆ ಜನ, ಒಂದೊಂದು ಮುಖನೂ ಬೇರೆ ಬೇರೆ, ಯಾರೋ ನಿಜವಾದ ಮನುಷ್ಯರು ಅಂತ ಗೊತ್ತಾಗುತ್ತೆ. ನಮ್ಮ ಪುಟ್ಟಿ ಅದರಲ್ಲಿ ಅಳ್ತಿರೋ ಮಗು ಇದೆಯಾ ಅಂತ ಹುಡುಕ್ತಾ ಅರ್ಧ ಗೋಡೆ ದಾಟಿದ್ಲು. ಇಷ್ಟು ನೋಡಿ ಸಾಕು, ಹೊರಗೆ ಬನ್ನಿ. ಟಿಕೆಟ್ಟು ಆಗಾಗ ಏರಿಸ್ತಾನೇ ಇರ್ತಾರೆ, ಬಜೆಟ್ಟಲ್ಲಿ ದೊಡ್ಡ ಬಾಬ್ತು ಇದೇ, ಮೊದ್ಲೇ ನೋಡಿರೋರು ಧಾರಾಳವಾಗಿ ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೋದು. ಮಕ್ಳ ಸ್ಕೂಲ್ ಐಡಿ ಕಾರ್ಡು ಮರೀದೆ ಇಟ್ಕೊಳ್ಳಿ, ಕೌಂಟರಲ್ಲಿ ಕೇಳಿ.

ಊಟ ಗಾಂಧಿ ಚೌಕದಲ್ಲಿ, ಆರ್‌ಆರ್‌ಆರ್. ಆಂಧ್ರ ಸ್ಟೈಲ್ ಬಾಳೆಲೆ ಊಟ, ಅನ್ನ ಮತ್ತೆ ಮತ್ತೆ ಬಡಿಸ್ತಾರೆ, ಪಪ್ಪು, ಪುಡಿ ತುಪ್ಪ, ಮೊಸರು, ನಾನ್ ವೆಜ್ ತಿನ್ನೋರಿಗೆ ಬಿರಿಯಾನಿನೂ ಇದೆ. ಖಾರ ಇದೆ, ಮಕ್ಳಿಗೆ ಮೊದ್ಲೇ ಮೊಸರು ಹಾಕಿಸಿ. ಬೆಳಿಗ್ಗೆ ದೋಸೆ ತಿಂದು ಮ್ಯೂಸಿಯಂ ಸುತ್ತಿ ಬಂದ ಹಸಿವಿಗೆ ಇಂಥ ಊಟನೇ ಬೇಕು, ತಿಂದಷ್ಟೂ ಕೊಡೋದ್ರಿಂದ ದುಡ್ಡಿಗೆ ಮೋಸ ಇಲ್ಲ. ಹನ್ನೆರಡೂವರೆಗೆ ಹೋದ್ರೆ ಸೀಟು, ಒಂದೂವರೆಗೆ ಹೋದ್ರೆ ಕ್ಯೂ. ಅದಕ್ಕೇ ಅರಮನೆನ ಎಳೀಬೇಡಿ ಅಂದಿದ್ದು. ಮುದ್ದೆ ಇಲ್ವಾ ಅಂತ ದೊಡ್ಡಪ್ಪ ಕೇಳಿದ್ರು, ಮಂಡ್ಯದೋರು ಎಲ್ಲೇ ಹೋದ್ರೂ ಇದೊಂದು ಕೇಳ್ದೆ ಇರಲ್ಲ. ಪೂರ್ತಿ ಮಾಂಸದ ಊಟನೇ ಬೇಕು ಅನ್ನೋರು ಮಂಡಿ ಮೊಹಲ್ಲಾ ಕಡೆ ಹನುಮಂತು ಹೋಟ್ಲಿಗೆ ಹೋಗಿ, ಮಟನ್ ಪಲಾವಿಗೆ ತುಂಬಾ ಹಳೇ ಹೆಸರು, ಆದ್ರೆ ಅದು ತಿಂದ ಮೇಲೆ ಜಗನ್ಮೋಹನ ಅರಮನೆ ಚಿತ್ರಶಾಲೇಲಿ ಚಿತ್ರ ನೋಡ್ತಾ ನಿಂತಲ್ಲೇ ನಿದ್ದೆ ಬರುತ್ತೆ, ನನ್ನ ಕೇಳಿದ್ರೆ ರಾತ್ರಿಗೆ ಇಟ್ಕೊಳ್ಳಿ.

ಕೈಲಿ ಕಾಸು ಕಡ್ಮೆ ಇದ್ರೆ ನಾಚ್ಕೊಳ್ಳೋದೇನು ಬಂತು, ಇಂದಿರಾ ಕ್ಯಾಂಟೀನ್ ಇದೆ, ತಿಂಡಿ ಐದು ರೂಪಾಯಿ, ಊಟ ಹತ್ತು ರೂಪಾಯಿ, ಅನ್ನ ಸಾಂಬಾರು ಬಿಸಿಯಾಗಿರುತ್ತೆ, ಕಾಲೇಜು ಹುಡುಗ್ರು ಗುಂಪಲ್ಲಿ ಬಂದ್ರೆ ಇದಕ್ಕಿಂತ ಬೇರೆ ಬೇಡ, ಆದ್ರೆ ಟೈಮಿಗೆ ಸರಿಯಾಗಿ ಹೋಗ್ಬೇಕು, ಖಾಲಿ ಆದ್ರೆ ಆಯ್ತು. ಮನೆಯಿಂದ ಬುತ್ತಿ ತರೋ ಐಡಿಯಾ ಅತ್ತಿಗೆದು, ಪುಳಿಯೋಗರೆ ಮೊಸರನ್ನ ಕಟ್ತೀನಿ ಅಂದ್ರು, ನಾನು ಬೇಡ ಅಂದೆ. ಉಳಿತಾಯ ಹೌದು, ಆದ್ರೆ ಮ್ಯೂಸಿಯಂ ಒಳಗೆ ಬಿಚ್ಚಕ್ಕೆ ಆಗಲ್ಲ, ದಿನ ಪೂರ್ತಿ ಟಿಫನ್ ಕ್ಯಾರಿಯರ್ ಹೊತ್ಕೊಂಡು ಓಡಾಡ್ಬೇಕು, ಬ್ಯಾಗು ಒಳಗೆ ಬಿಡಲ್ಲ ಅಂದ್ರೆ ಇಡೋ ಜಾಗ ಹುಡುಕ್ಬೇಕು. ನೀರು ಮಾತ್ರ ಮನೆಯಿಂದ ತನ್ನಿ, ಯಾಕೆ ಅಂತ ಹೇಳ್ತೀನಿ. ಹಿಂದೊಮ್ಮೆ ಅರಮನೆ ಸುತ್ತಮುತ್ತ ಒಂದು ಹೋಟ್ಲಲ್ಲಿ, ಹೆಸರು ಬೇಡ, ಕೂತ ತಕ್ಷಣ ಎಲ್ರ ಮುಂದೆ ಸೀಲ್ ಇರೋ ನೀರಿನ ಬಾಟ್ಲು ತಂದಿಟ್ರು, ಫ್ರೀ ಅಂತ ಮಕ್ಳು ಮುಚ್ಚಳ ತಿರುಗಿಸಿದ್ವು, ಬಿಲ್ಲು ಬಂದಾಗ ನೋಡಿದ್ರೆ ಬಾಟ್ಲಿಗೆ ಇಷ್ಟು, ಕೇಳದೇ ಇದ್ದ ಹಪ್ಪಳಕ್ಕೆ ಇಷ್ಟು, ಕೇಳಿದ್ದಕ್ಕೆ "ಟೇಬಲ್ಲಿಗೆ ಬಂದಿದ್ಮೇಲೆ ಬಿಲ್ಲಿಗೆ ಬರುತ್ತೆ ಸಾರ್" ಅಂದ್ಬಿಟ್ಟ. ಅವತ್ತಿಂದ ಟೂರಿಸ್ಟ್ ಬಸ್ಸು ಬಾಗ್ಲಲ್ಲಿ ನಿಂತಿರೋ ಹೋಟ್ಲಿಗೆ ನಾನು ಕಾಲಿಡಲ್ಲ. ಲೋಕಲ್ಲು ಸ್ಕೂಟ್ರು ಎಲ್ಲಿ ನಿಂತಿರುತ್ತೋ ಅಲ್ಲಿ ನುಗ್ಗಿ, ಆಫೀಸ್ ಜನ ಊಟಕ್ಕೆ ಬರೋ ದರ್ಶಿನಿಗಳು ಆ ಸುತ್ತ ಬೇಕಾದಷ್ಟಿವೆ.

ಊಟ ಆದ್ಮೇಲೆ ಜಗನ್ಮೋಹನ ಅರಮನೆ. ದೊಡ್ಡ ಅರಮನೆ ಪಕ್ಕದಲ್ಲೇ, ನಡ್ಕೊಂಡು ಹೋಗೋ ದೂರ. ನನ್ನ ಪ್ರಕಾರ ಮೈಸೂರಿಗೆ ಬಂದು ಇದನ್ನ ನೋಡದೆ ಹೋದ್ರೆ ದಂಡ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಕಟ್ಟಿಸಿದ್ದು, ಆ ಬೆಂಕಿ ಬಿತ್ತಲ್ಲ, ಆವಾಗ ರಾಜಮನೆತನ ಇಲ್ಲಿಗೇ ಬಂದು ಇದ್ದಿದ್ದು, ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ವಹಿಸಿದ್ದೂ ಇದೇ ಕಟ್ಟಡದಲ್ಲಿ, ವೈಸ್‌ರಾಯ್ ಕರ್ಜನ್ ಬಂದಿದ್ದ. 1915ರಿಂದ ಚಿತ್ರಶಾಲೆ. ಒಳಗೆ ರವಿವರ್ಮನ ಅಸಲಿ ಚಿತ್ರಗಳಿವೆ, ಕ್ಯಾಲೆಂಡರಲ್ಲಿ ನೋಡಿ ನೋಡಿ ಅಭ್ಯಾಸ ಆಗಿರೋರು ಅಸಲಿ ಮುಂದೆ ನಿಂತಾಗ ಬಣ್ಣದ ದಪ್ಪ, ಜರಿ ಅಂಚಿನ ಹೊಳಪು ನೋಡಿ ಸುಮ್ನಾಗ್ತಾರೆ. ಹಳೇ ಫ್ರೆಂಚ್ ಗಡಿಯಾರ ಒಂದಿದೆ, ಅದರಲ್ಲಿ ಪುಟ್ಟ ಸಿಪಾಯಿಗಳು ಪೆರೇಡ್ ಮಾಡ್ತಾರೆ, ಮಕ್ಳನ್ನ ಅಲ್ಲಿ ಬಿಟ್ಟು ನೀವು ಆರಾಮಾಗಿ ಓಡಾಡ್ಬೋದು.

ಎಲ್ರೂ ಕೇಳ್ಕೊಂಡು ಬರೋದು ಮಾತ್ರ ದೀಪದ ಹುಡುಗಿ ಚಿತ್ರನ. ಸೀರೆ ಉಟ್ಟ ಹುಡುಗಿ, ಒಂದು ಕೈಲಿ ದೀಪ, ಇನ್ನೊಂದು ಕೈ ಅದಕ್ಕೆ ಅಡ್ಡ ಹಿಡಿದಿದಾಳೆ, ಆ ಬೆಳಕು ಬೆರಳ ಸಂದಿಲಿ ಕೆಂಪಗೆ ಬಂದು ಮುಖಕ್ಕೆ ಬಿದ್ದಿದೆ. ಕತ್ತಲೆ ಮಾಡಿರೋ ಜಾಗದಲ್ಲಿ ಇಟ್ಟಿದಾರೆ, ದೀಪ ನಿಜವಾಗ್ಲೂ ಉರೀತಿದೆಯೇನೋ ಅನ್ಸುತ್ತೆ, ಹಿಂದೆ ಬಲ್ಬು ಇದೆಯಾ ಅಂತ ಬಗ್ಗಿ ನೋಡೋರು ಪ್ರತಿಸಲ ಒಬ್ಬರಾದ್ರೂ ಇರ್ತಾರೆ. ಜಲವರ್ಣದಲ್ಲಿ ಬರೆದಿದ್ದು ಅಂದ್ರೆ ನಂಬೋದು ಕಷ್ಟ, ನೀರು ಬಣ್ಣದಲ್ಲಿ ಕೈ ಜಾರಿದ್ರೆ ಮುಗೀತು, ಮೇಲೆ ಇನ್ನೊಂದು ಬಳಿದು ಸರಿಮಾಡಕ್ಕೆ ಆಗಲ್ಲ. ಮೈಸೂರಲ್ಲಿ ಹತ್ತು ಜನನ ಕೇಳಿದ್ರೆ ಒಂಬತ್ತು ಜನ ರವಿವರ್ಮನದ್ದು ಅಂತಾರೆ, ನಮ್ಮ ಮುಂದೆ ಹೋಗ್ತಿದ್ದ ಗೈಡೂ ಅದನ್ನೇ ಗಟ್ಟಿಯಾಗಿ ಹೇಳ್ತಿದ್ದ. ಅಲ್ಲ. ಬರೆದಿದ್ದು ಎಸ್.ಎಲ್. ಹಲ್ದಣ್ಕರ್, ಸಾವಂತವಾಡಿ ಕಡೆಯೋರು, ತನ್ನ ಸ್ವಂತ ಮಗಳನ್ನೇ ನಿಲ್ಲಿಸಿ ಬರೆದಿದ್ದು. ರವಿವರ್ಮ ತೀರ್ಕೊಂಡಿದ್ದು 1906ರಲ್ಲಿ, ಈ ಚಿತ್ರ ಆಮೇಲೆ ಎಷ್ಟೋ ವರ್ಷಕ್ಕೆ ಬಂದಿದ್ದು. ಪಾಪ ಆ ಮನುಷ್ಯನ ಹೆಸರು ಮಕ್ಳಿಗಾದ್ರೂ ಹೇಳಿಕೊಡಿ. ಅತ್ತಿಗೆ ಹೊರಡೋಕೇ ಒಪ್ಪಲಿಲ್ಲ, ಗುಂಪು ಹೋಗ್ಲಿ ಅಂತ ಮೂಲೇಲಿ ನಿಂತಿದ್ದು ಮತ್ತೆ ಒಬ್ರೇ ಹೋಗಿ ನೋಡ್ಕೊಂಡು ಬಂದ್ರು. ಐದಕ್ಕೆ ನಾಲ್ಕೂವರೆ. ಚಿತ್ರಗಳ ಕೆಳಗೆ ಕನ್ನಡದಲ್ಲಿ ಇನ್ನೂ ನಾಲ್ಕು ಸಾಲು ವಿವರ ಇದ್ದಿದ್ರೆ ಐದೂ ಕೊಡ್ತಿದ್ದೆ, ಗೈಡುಗಳ ರವಿವರ್ಮ ಕತೆನೂ ಆಗ ನಿಲ್ತಿತ್ತು.

ಇರ್ವಿನ್ ರಸ್ತೆಲಿ ವೆಲ್ಲಿಂಗ್ಟನ್ ಹೌಸ್ ಅಂತ ಹಳೇ ಬಂಗ್ಲೆ ಇದೆ, ಟಿಪ್ಪು ತೀರ್ಕೊಂಡ ಮೇಲೆ ಆರ್ಥರ್ ವೆಲ್ಲೆಸ್ಲಿ ಇದ್ದ ಮನೆ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ್ನಲ್ಲ ಅದೇ ಆಸಾಮಿ. ಈಗ ಅಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಶಾಖೆ, ಬುಡಕಟ್ಟು ಜನರ ಸಾಮಾನು, ಕರಕುಶಲ ವಸ್ತು ಇಂಥವು. ದಾರಿಲೇ ಸಿಗುತ್ತೆ, ಟೈಮಿದ್ರೆ ಹೊಕ್ಕು ಬನ್ನಿ, ಇಲ್ಲಾಂದ್ರೆ ಚಿಂತೆ ಇಲ್ಲ. ಮಾನಸಗಂಗೋತ್ರಿಯ ಜಾನಪದ ಮ್ಯೂಸಿಯಂ ವಿಷ್ಯ ಬೇರೆ, ಅದು ನನಗೆ ತುಂಬಾ ಇಷ್ಟದ್ದು, ಯಾರ ಮದುವೆಲಿ ಅರಮನೆ ಸುಟ್ಟಿತ್ತೋ ಅದೇ ಜಯಲಕ್ಷ್ಮಮ್ಮಣ್ಣಿಗೆ ಅಂತ 1905ರಲ್ಲಿ ಕಟ್ಟಿಸಿದ ಜಯಲಕ್ಷ್ಮಿ ವಿಲಾಸದಲ್ಲಿ ಇರೋದು. ನೇಗಿಲು, ಒನಕೆ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಮುಖ, ನಮ್ಮ ಹಳ್ಳಿಗಳಿಂದ ಮಾಯ ಆಗಿರೋದೆಲ್ಲ ಅಲ್ಲಿ ಸೇರಿಸಿದಾರೆ. ಆದ್ರೆ ಕಟ್ಟಡ ಶಿಥಿಲ ಆಗಿ ರಿಪೇರಿ ವಿಷಯ ವರ್ಷಗಟ್ಟಲೆ ಎಳೀತಾ ಬಂದಿದೆ. ಯೂನಿವರ್ಸಿಟಿಗೆ ಫೋನ್ ಮಾಡಿ ತೆಗೆದಿದೆಯಾ ಅಂತ ಗ್ಯಾರಂಟಿ ಮಾಡ್ಕೊಂಡೇ ಆ ಕಡೆ ಹೋಗಿ.

ಸ್ಟೇಷನ್ ಕಡೆ ಹೋಗೋ ಮೊದ್ಲು ಸಯ್ಯಾಜಿರಾವ್ ರಸ್ತೆಲಿ ದೇವರಾಜ ಮಾರ್ಕೆಟ್ ಹತ್ರ ಗುರು ಸ್ವೀಟ್ಸಲ್ಲಿ ಒಂದು ನಿಮಿಷ. ಅರಮನೆ ಅಡುಗೆ ಭಟ್ಟರು ಕಾಕಾಸುರ ಮಾದಪ್ಪನವರ ವಂಶದೋರ ಅಂಗ್ಡಿ, ಮೈಸೂರ್ ಪಾಕ್ ಹುಟ್ಟಿದ್ದೇ ಅವರ ಕೈಲಿ ಅಂತಾರೆ. ರೇಟು ಕಡ್ಮೆ ಏನಲ್ಲ, ತುಪ್ಪ ಕೈಗೆ ಅಂಟುತ್ತೆ, ಅದಕ್ಕೇ ಕೇಜಿಗಟ್ಟಲೆ ತಗೊಳ್ಳೋ ಬದ್ಲು ಕಾಲು ಕೇಜಿ ಕಟ್ಟಿಸ್ಕೊಂಡು ಎಲ್ರೂ ಒಂದೊಂದು ಚೂರು ತಿನ್ನಿ, ಒಂದು ಚೂರೇ ಸಾಕಾಗುತ್ತೆ. ಮಾರ್ಕೆಟ್ ಒಳಗೆ ಅತ್ತಿಗೆನ ಬಿಡ್ಬೇಡಿ. ಹೂವಿನ ಸಾಲು, ವೀಳ್ಯದೆಲೆ, ಕುಂಕುಮದ ಗುಡ್ಡೆ ನೋಡ್ತಾ ನಿಂತ್ರೆ ರೈಲು ಮ್ಯೂಸಿಯಂ ಬಾಗ್ಲು ಹಾಕಿರ್ತಾರೆ.

ರೈಲು ಮ್ಯೂಸಿಯಂ ತಪ್ಪಿಸ್ಕೊಳ್ಳೋ ಜಾಗ ಅಲ್ಲ. ಕೆಆರ್‌ಎಸ್ ರಸ್ತೆಲಿ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಎದುರಿಗೆ, ಸ್ಟೇಷನ್ನಿಂದ ನಡ್ಕೊಂಡು ಹೋಗೋ ದೂರ. 1979ರಲ್ಲಿ ಶುರುವಾಗಿದ್ದು, ದಿಲ್ಲಿ ರೈಲು ಮ್ಯೂಸಿಯಂ ಆದ್ಮೇಲೆ ದೇಶದಲ್ಲಿ ಇದೇ ಎರಡನೇದು. ಇಡೀ ದಿನದಲ್ಲಿ ಕೊಟ್ಟ ದುಡ್ಡಿಗೆ ಜಾಸ್ತಿ ಸಿಕ್ಕಿದ್ದು ಇಲ್ಲೇ, ಅನುಮಾನವೇ ಇಲ್ಲ. ಬೇರೆ ಕಡೆ ಎಲ್ಲಾ ಮುಟ್ಬೇಡ, ಓಡ್ಬೇಡ, ಮಾತಾಡ್ಬೇಡ ಅಂತ ಮಕ್ಳನ್ನ ಹಿಡಿದಿಟ್ಟಿದ್ದು ಸಾಕಾಗಿರುತ್ತೆ, ಇಲ್ಲಿ ಬಯಲು, ಮರದ ನೆರಳು, ನಿಂತಿರೋ ಇಂಜಿನ್ನುಗಳು, ಓಡಾಡಕ್ಕೆ ಜಾಗ, ಸುತ್ತು ಹೊಡೆಯಕ್ಕೆ ಪುಟಾಣಿ ರೈಲು. ರಸ್ತೆ ಮೇಲೆ ಓಡ್ತಿದ್ದ ಆಸ್ಟಿನ್ ಕಾರಿಗೆ ಕಬ್ಬಿಣದ ಚಕ್ರ ಹಾಕಿ ಹಳಿ ಮೇಲೆ ಓಡ್ಸಿದಾರೆ, ಅದು ಹಂಗೇ ನಿಂತಿದೆ, ಅಣ್ಣನ ಮಗ ಅದಕ್ಕೆ ಸ್ಟೇರಿಂಗು ಯಾಕೆ ಬೇಕು ಅಂತ ಕೇಳಿದ, ನನಗೂ ಉತ್ತರ ಹೊಳೀಲಿಲ್ಲ.

ನೋಡ್ಲೇಬೇಕಾದ್ದು ಮಹಾರಾಣಿ ಸಲೂನ್, 1899ರದ್ದು. ಆ ಬೋಗಿಲಿ ಅಡುಗೆಮನೆ ಇದೆ, ಊಟದ ಜಾಗ ಇದೆ, ಬಚ್ಚಲು ಇದೆ. ರಾಜರ ಪ್ರಯಾಣ ಅಂದ್ರೆ ಮನೆನೇ ಹಳಿ ಮೇಲೆ ಹೊರಡೋದು. ಅತ್ತಿಗೆ ಅಡುಗೆಮನೆ ಇಣುಕಿ ನೋಡಿ, ಇಷ್ಟು ಇಕ್ಕಟ್ಟಲ್ಲಿ ಅಲ್ಲಾಡೋ ಗಾಡಿಲಿ ಅದ್ಯಾರು ಪಾಪ ಸಾರು ಕುದಿಸ್ತಿದ್ರೋ ಅಂದ್ರು. ಮಹಾರಾಣಿ ವಿಷ್ಯ ಎಲ್ರೂ ಹೇಳ್ತಾರೆ, ಆ ಅಡುಗೆಯೋರ ಬಗ್ಗೆ ಬೋರ್ಡಲ್ಲಿ ಏನೂ ಇಲ್ಲ. ಬೆಂಗಳೂರಿಂದ ಮಂಡ್ಯ ಮೇಲೆ ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ, ಅಂದ್ರೆ ನಮ್ಮೂರ ಮೇಲೆ ರಾಜರ ಗಾಡಿಗಳು ಹೋಗ್ತಿದ್ದ ಕಾಲ ಒಂದಿತ್ತು ಅಂತ ಅಲ್ಲಿ ನಿಂತಾಗ ಅನ್ಸುತ್ತೆ. ಚಾಮುಂಡಿ ಗ್ಯಾಲರಿಲಿ ಹಳೇ ಫೋಟೋ ಇಟ್ಟಿದಾರೆ, ಹಳೇ ಸಿಗ್ನಲ್ ದೀಪ, ಟೆಲಿಫೋನು, ಗಡಿಯಾರ, ರಟ್ಟಿನ ಟಿಕೆಟ್ಟು ಎಲ್ಲಾ ನೋಡ್ಬೋದು. ದೊಡ್ಡಪ್ಪ ಉಗಿ ಇಂಜಿನ್ ಮುಂದೆ ನಿಂತ್ಕೊಂಡು ಮಕ್ಳಿಗೆ ಪಾಠ ಶುರು ಮಾಡಿದ್ರು. "ಇಂಥದ್ರಲ್ಲೇ ಕಣ್ರಲಾ ನಾವ್ ಮೈಸೂರ್ಗೆ ಬತ್ತಿದ್ದಿದ್ದು. ಕಿಟ್ಕಿಲಿ ಮೊಕ ಮಡಗಿದ್ರೆ ಕಣ್ಗೆಲ್ಲಾ ಇದ್ಲು ಚೂರು. ಬಿಳೀ ಪಂಚೆ ಉಟ್ಕಂಡ್ ಹತ್ತಿದ್ರೆ ಇಳಿಯೋವತ್ಗೆ ಬೂದಿ ಬಣ್ಣ." ಬೇರೆ ಮಕ್ಳೂ ಬಂದು ನಿಂತ್ವು, ಯಾರೋ ಒಬ್ರು ಇವರನ್ನ ಮ್ಯೂಸಿಯಂ ಗೈಡ್ ಅಂದ್ಕೊಂಡು ಟಾಯ್ಲೆಟ್ ಎಲ್ಲಿ ಅಂತ ಕೇಳಿದ್ರು. ವಯಸ್ಸಾದೋರನ್ನ ಕರ್ಕೊಂಡು ಬರ್ಬೇಕಾದ ಮ್ಯೂಸಿಯಂ ಅಂದ್ರೆ ಇದೇ, ಅಲ್ಲಿನ ಬೋರ್ಡಿಗಿಂತ ಜಾಸ್ತಿ ವಿವರ ಅವರ ಹತ್ರ ಇರುತ್ತೆ. ಐದಕ್ಕೆ ಐದು. ತಿನ್ನೋದು ಕುಡಿಯೋದು ಹೊರಗೆ ಮುಗಿಸ್ಕೊಂಡು ಬನ್ನಿ, ಒಳಗೆ ಬಂದ್ಮೇಲೆ ಒಂದೂವರೆ ಗಂಟೆ ಹೆಂಗೆ ಹೋಗುತ್ತೋ ಗೊತ್ತಾಗಲ್ಲ, ಅದಕ್ಕೇ ಮೂರೂವರೆ ಒಳಗೆ ಇಲ್ಲಿರೋ ಹಂಗೆ ನೋಡ್ಕೊಳ್ಳಿ.

ಖರ್ಚು ಕೇಳೋರಿಗೆ, ಅರಮನೆ ಸೇರಿ ಎರಡು ಹೊತ್ತು ತಿಂದು ಓಡಾಡಿ ತಲೆಗೆ ಐನೂರು ಆರ್ನೂರರ ಆಸುಪಾಸು ಬಂತು, ಹೆಂಗಸ್ರದ್ದು ಬಸ್ಸು ಫ್ರೀ ಇದ್ದಿದ್ರಿಂದ ಇನ್ನೂ ಕಡ್ಮೆ, ಅತ್ತಿಗೆ ಇದನ್ನ ದಾರಿ ಪೂರ್ತಿ ನೆನಪಿಸಿದ್ರು. ಅರಮನೆ ಬಿಟ್ರೆ ಇನ್ನೂ ಇಳಿಯುತ್ತೆ. ಅರ್ಧ ದಿನ ಮಾತ್ರ ಇರೋರು ಹನ್ನೊಂದಕ್ಕೆ ಜಗನ್ಮೋಹನ, ಆಮೇಲೆ ಊಟ, ಆಮೇಲೆ ರೈಲು ಮ್ಯೂಸಿಯಂ, ಇಷ್ಟೇ ಮಾಡಿ. ಅರಮನೆ ನೋಡಿಲ್ಲ ಅನ್ನೋ ಕೊರಗು ಇದ್ರೆ ಭಾನುವಾರ ಇಲ್ಲಾ ಸರ್ಕಾರಿ ರಜೆ ದಿನ ಸಾಯಂಕಾಲ ಏಳಕ್ಕೆ ಲೈಟ್ ಹಾಕ್ತಾರೆ, ಹತ್ತತ್ರ ಒಂದು ಲಕ್ಷ ಬಲ್ಬು, ಮುಕ್ಕಾಲು ಗಂಟೆ ಉರಿಯುತ್ತೆ, ಅದನ್ನ ನೋಡ್ಕೊಂಡು ಹೊರಡಿ. ಆದ್ರೆ ಅವತ್ತು ಮಂಡ್ಯ ಕಡೆ ರಾತ್ರಿ ರೈಲು ಎಷ್ಟೊತ್ತಿಗಿದೆ ಅಂತ ಬೆಳಿಗ್ಗೆನೇ ನೋಡಿಟ್ಕೊಳ್ಳಿ, ತಪ್ಪಿದ್ರೆ ಮತ್ತೆ ಬಸ್ ಸ್ಟ್ಯಾಂಡೇ ಗತಿ.